ಗೆರೆ ಎಳೆದವರಿಗೂ ಗೆರೆ: ಕುಮಾರಧಾರೆಯ ದಡ ಮತ್ತು ಸರ್ಕಾರಗಳ ಪಾಲುದಾರಿಕೆ



ಇಂದು ಹೊಳೆಯ ದಡದ ಬಗ್ಗೆ ಮಾತಾಡಬೇಕೆಂದಿದ್ದೇನೆ. ನಮ್ಮ ನೆಟ್ಟಣ ಎರಡು ಹೊಳೆಗಳ ನಡುವಿನ ಊರು. ಬಡಗು ಮಗ್ಗುಲಿಗೆ ಶಿರಾಡಿ ಘಾಟಿಯಿಂದ ಇಳಿಯುವ ಗುಂಡ್ಯ ಹೊಳೆ. ತೆಂಕು ಮಗ್ಗುಲಿಗೆ ಕುಮಾರ ಪರ್ವತದ ಕಡೆಯಿಂದ ಸುಬ್ರಹ್ಮಣ್ಯವನ್ನು ಹಾದು ಬರುವ ಕುಮಾರಧಾರೆ. ಅವೆರಡೂ ಕೂಡಿ, ಉಪ್ಪಿನಂಗಡಿಯ ಸಹಸ್ರಲಿಂಗೇಶ್ವರನ ಎದುರು ನೇತ್ರಾವತಿಯನ್ನು ಸೇರಿ, ತುಂಬೆಯ ಅಣೆಕಟ್ಟಿನಲ್ಲಿ ಮಂಗಳೂರಿನ ಕುಡಿಯುವ ನೀರಾಗುತ್ತವೆ. ಈ ನೀರು ಸಮುದ್ರದ ಸಮೀಪ ಬಂದ ಮೇಲೆ ಅದರ ದಡಕ್ಕೆ ಕೇಂದ್ರ ಸರ್ಕಾರದ ಕಾನೂನಿನ ರಕ್ಷಣೆ ಸಿಗುತ್ತದೆ. 1991ರ ಫೆಬ್ರವರಿ 19ರಂದು ಹೊರಟು, 2011ರಲ್ಲಿ ಮತ್ತು 2019ರಲ್ಲಿ ಹೊಸ ರೂಪ ಪಡೆದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಸಮುದ್ರದ ಅಂಚನ್ನು ಮಾತ್ರವಲ್ಲ, ಭರತದ ನೀರು ಒಳಗೆ ನುಗ್ಗುವ ನದಿಯ ಅಂಚನ್ನೂ ತನ್ನ ವ್ಯಾಪ್ತಿಗೆ ತೆಗೆದುಕೊಂಡಿದೆ. ಎಲ್ಲಿಯವರೆಗೆ? ಕಡು ಬೇಸಗೆಯಲ್ಲಿ ನೀರಿನ ಉಪ್ಪಿನಂಶ ಸಾವಿರಕ್ಕೆ ಐದು ಭಾಗಕ್ಕೆ ಇಳಿಯುವಲ್ಲಿಯವರೆಗೆ. ಉಪ್ಪು ಮುಗಿದಲ್ಲಿ ಆ ಕಾನೂನೂ ಮುಗಿಯಿತು. ಅಲ್ಲಿಂದ ಮೇಲಕ್ಕೆ, ಎಂದರೆ ನಮ್ಮ ಹೊಳೆಗಳು ಹರಿಯುವಷ್ಟೂ ದೂರ, ದಡವನ್ನೇ ಉದ್ದೇಶವಾಗಿಟ್ಟುಕೊಂಡ ಕೇಂದ್ರದ ನಿಯಮ ಯಾವುದೂ ಇಲ್ಲ. ನದಿ ನಿಯಂತ್ರಣ ವಲಯ ಎಂಬ ಆಲೋಚನೆ ದೆಹಲಿಯಲ್ಲಿ ಬಹಳ ವರ್ಷಗಳಿಂದ ಕರಡಾಗಿಯೇ ಓಡಾಡುತ್ತಿದೆ.

ನಿಯಮವಿಲ್ಲ ಎಂದರೆ ಇಲಾಖೆಗಳಿಲ್ಲ ಎಂದಲ್ಲ. 1964ರ ಭೂಕಂದಾಯ ಕಾಯ್ದೆಯ ಪ್ರಕಾರ ಹೊಳೆ ಮತ್ತು ಅದರ ಪಾತ್ರ ಸರ್ಕಾರದ ಸೊತ್ತು, ಹಾಗಾಗಿ ಕಂದಾಯ ಇಲಾಖೆ ಒಡೆಯ. ಕಿಂಡಿ ಅಣೆಕಟ್ಟು ಸಣ್ಣ ನೀರಾವರಿಯವರದ್ದು. ಮರಳು ಗಣಿ ಇಲಾಖೆಯದ್ದು, ಮೀನು ಮೀನುಗಾರಿಕೆ ಇಲಾಖೆಯದ್ದು, ಸೇತುವೆ ಲೋಕೋಪಯೋಗಿಯವರದ್ದು, ಸ್ನಾನಘಟ್ಟ ಮುಜರಾಯಿಯದ್ದು, ಕಾಡಂಚು ಅರಣ್ಯದವರದ್ದು, ಹಳಿ ದಾಟುವ ಜಾಗ ರೈಲ್ವೆಯದ್ದು. ನೀರು ಕೆಟ್ಟರೆ ನೋಡಬೇಕಾದದ್ದು ಮಾಲಿನ್ಯ ನಿಯಂತ್ರಣ ಮಂಡಳಿ. ನೆರೆ ಬಂದರೆ ಮೊದಲು ಓಡಬೇಕಾದದ್ದು ಪಂಚಾಯಿತಿ. ಇಷ್ಟು ಕಚೇರಿಗಳ ಕೈ ಒಂದೇ ದಡದ ಮೇಲಿದ್ದರೂ ಅವು ಒಂದು ಮೇಜಿನ ಸುತ್ತ ಕೂರಬೇಕೆಂಬ ಕಟ್ಟುಪಾಡಿಲ್ಲ. ಒಂದು ಉದಾಹರಣೆ ಸಾಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದಲ್ಲಿ 351 ಕಲುಷಿತ ನದಿ ಭಾಗಗಳನ್ನು ಗುರುತಿಸಿತು. ಕರ್ನಾಟಕದ ಪಾಲು 17. ಆ ಪಟ್ಟಿಯಲ್ಲಿ ನೇತ್ರಾವತಿಯೂ ಇತ್ತು, ಕುಮಾರಧಾರೆಯೂ ಇತ್ತು. ತೀರಾ ಕೆಟ್ಟವುಗಳ ಸಾಲಿನಲ್ಲಲ್ಲ, ಐದನೆಯ, ಅಂದರೆ ಕೊನೆಯ ದರ್ಜೆಯಲ್ಲಿ. ಆದರೂ ಸ್ನಾನಕ್ಕೆ ಯೋಗ್ಯವೆನ್ನುವ ಮಿತಿಯನ್ನು ಮೀರಿದ ನೀರು ಎಂದೇ ಅದರರ್ಥ. ಲಕ್ಷಾಂತರ ಜನ ಪುಣ್ಯಸ್ನಾನ ಮಾಡುವ ಹೊಳೆಗೆ ಈ ಮಾತು ಬಂತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದೇ ವರ್ಷ ಪ್ರತಿ ರಾಜ್ಯದಲ್ಲೂ ನದಿ ಪುನಶ್ಚೇತನ ಸಮಿತಿ ಆಗಬೇಕೆಂದಿತು. ನಾಲ್ಕೇ ಸದಸ್ಯರು: ಪರಿಸರ ನಿರ್ದೇಶಕರು, ನಗರಾಭಿವೃದ್ಧಿ ನಿರ್ದೇಶಕರು, ಕೈಗಾರಿಕಾ ನಿರ್ದೇಶಕರು, ಮಾಲಿನ್ಯ ಮಂಡಳಿಯ ಸದಸ್ಯ ಕಾರ್ಯದರ್ಶಿ. ನಗರಕ್ಕೆ ಒಂದು ಕುರ್ಚಿ ಇದೆ, ಕೈಗಾರಿಕೆಗೆ ಒಂದಿದೆ. ಕುಮಾರಧಾರೆಯ ದಡದಲ್ಲಿ ಹೇಳಿಕೊಳ್ಳುವಂಥ ನಗರವೂ ಇಲ್ಲ, ದೊಡ್ಡ ಕಾರ್ಖಾನೆಯೂ ಇಲ್ಲ. ಇರುವುದು ಹೆಚ್ಚಾಗಿ ಗ್ರಾಮ ಪಂಚಾಯಿತಿಗಳು. ಅವಕ್ಕೆ ಕುರ್ಚಿ ಇಲ್ಲ.

ನನ್ನ ವಾದ ಇಷ್ಟು. ದಡವನ್ನು ಉಳಿಸುವ ಶಕ್ತಿ ಇಷ್ಟು ಮೀಟರು, ಅಷ್ಟು ಮೀಟರು ಎಂದು ಎಳೆದ ಗೆರೆಗೆ ಬರುವುದು ಒಂದು ಕರಾರಿನಿಂದ. ಕೆಳಗಿನ ಸರ್ಕಾರ ಯೋಜನೆ ಮಾಡಬೇಕು, ಮೇಲಿನ ಸರ್ಕಾರ ಅದನ್ನು ಪರೀಕ್ಷಿಸಿ ಒಪ್ಪಬೇಕು, ಹಣದಲ್ಲಿ ಪಾಲು ಕೊಡಬೇಕು. ಇವೆಲ್ಲಕ್ಕಿಂತ ಮುಖ್ಯವಾಗಿ, ಒಪ್ಪಿದ ಮೇಲೆ ತಾನೂ ಅದಕ್ಕೆ ಒಳಪಡಬೇಕು. ಕೊನೆಯ ಈ ಷರತ್ತು ನಮ್ಮಲ್ಲಿ ಎಲ್ಲೂ ಇಲ್ಲ. ನಮ್ಮ ನದಿ, ಕೆರೆ, ಘಟ್ಟದ ರಕ್ಷಣೆಯ ಪ್ರಯತ್ನಗಳು ಒಂದರ ಹಿಂದೊಂದು ಕುಸಿಯುವುದಕ್ಕೆ ಮೂಲ ಅಲ್ಲಿದೆ ಎಂದು ನಾನು ತಿಳಿದಿದ್ದೇನೆ.

ಈ ಷರತ್ತು ಎಲ್ಲಾದರೂ ನಡೆದದ್ದುಂಟೆ? ಉಂಟು. ಅಮೆರಿಕದ ಉತ್ತರ ಭಾಗದಲ್ಲಿ ಸುಪೀರಿಯರ್, ಮಿಶಿಗನ್, ಹ್ಯೂರನ್, ಈರಿ, ಒಂಟಾರಿಯೊ ಎಂಬ ಐದು ಮಹಾ ಸರೋವರಗಳಿವೆ. ಸಿಹಿನೀರಿನ ಈ ಸರೋವರಗಳ ಅಂಚಿಗೂ ಕರಾವಳಿಯ ಸ್ಥಾನ ಕೊಟ್ಟದ್ದು ಆ ದೇಶದ 1972ರ ಕರಾವಳಿ ವಲಯ ನಿರ್ವಹಣಾ ಕಾಯ್ದೆ. ಉಪ್ಪಿದ್ದರೆ ಮಾತ್ರ ಕರಾವಳಿ ಎಂಬ ಲೆಕ್ಕವನ್ನು ಅವರು ಆಗಲೇ ಬಿಟ್ಟಿದ್ದರು. ಆ ಕಾಯ್ದೆಯ ವಿಶೇಷವೆಂದರೆ ಅದು ಯಾವ ರಾಜ್ಯವನ್ನೂ ಬಲವಂತ ಮಾಡುವುದಿಲ್ಲ. ಬೇಕಾದ ರಾಜ್ಯ ತನ್ನ ದಡಕ್ಕೆ ತಾನೇ ಯೋಜನೆ ಬರೆಯುತ್ತದೆ. ವಲಯದ ಗಡಿ ಎಷ್ಟಿರಬೇಕು, ಏನು ಕಟ್ಟಬಹುದು, ಏನು ಕೂಡದು ಎಂಬುದು ಅದರಲ್ಲಿರುತ್ತದೆ. ಕೇಂದ್ರ ಒಪ್ಪಿದರೆ ಎರಡು ಲಾಭ. ಒಂದು, ರಾಜ್ಯವೂ ತನ್ನ ಪಾಲು ಹಾಕುವ ಷರತ್ತಿನ ಮೇಲೆ ಅನುದಾನ. ಎರಡನೆಯದು ಇನ್ನೂ ದೊಡ್ಡದು: ಆ ದಡದ ಮೇಲೆ ಪರಿಣಾಮ ಬೀರುವ ಕೇಂದ್ರದ್ದೇ ಕೆಲಸಗಳು, ಬಂದರಿನ ಹೂಳೆತ್ತುವುದಿರಲಿ, ಕೇಂದ್ರ ಕೊಡುವ ಪರವಾನಗಿಯಿರಲಿ, ರಾಜ್ಯದ ಯೋಜನೆಗೆ ಹೊಂದಿಕೊಂಡಿರಬೇಕು, ಹೊಂದದಿದ್ದರೆ ರಾಜ್ಯ ಆಕ್ಷೇಪ ಎತ್ತಬಹುದು. ಹಣ ಸಣ್ಣದು, ಯಾವ ರಾಜ್ಯವೂ ಅದರಿಂದ ಶ್ರೀಮಂತವಾಗಲಿಲ್ಲ. ಎರಡನೆಯ ಈ ಹಕ್ಕಿನ ಆಸೆಗೆ ರಾಜ್ಯಗಳು ಬಂದವು ಎಂಬುದು ನನ್ನ ಓದು. ಮಿಶಿಗನ್ ಮತ್ತು ವಿಸ್ಕಾನ್ಸಿನ್ 1978ರಲ್ಲಿ, ಪೆನ್ಸಿಲ್ವೇನಿಯ 1980ರಲ್ಲಿ ಸೇರಿದವು. ಒಹಾಯೊ 1997ರವರೆಗೆ ಕಾಯಿತು. ಇಲಿನಾಯ್ 2012ರಲ್ಲಿ ಬಂತು. ನಲವತ್ತು ವರ್ಷ ಹಿಡಿದರೂ ಒಂದು ಸರೋವರ ರಾಜ್ಯವೂ ಹೊರಗುಳಿಯಲಿಲ್ಲ.

ಅದನ್ನು ಹೊಗಳಿ ಮುಂದೆ ಹೋಗುವಂತಿಲ್ಲ, ಏಕೆಂದರೆ ಅದರ ಸೋಲುಗಳು ನಮಗೆ ಹೆಚ್ಚು ಹತ್ತಿರದವು. 2014ರ ಆಗಸ್ಟ್ ಮೊದಲ ವಾರ ಈರಿ ಸರೋವರದ ದಡದ ಟೊಲಿಡೊ ನಗರದಲ್ಲಿ ನಲ್ಲಿ ನೀರು ಕುಡಿಯಬೇಡಿ ಎಂದು ಸಾರಬೇಕಾಯಿತು. ನೀರಿನಲ್ಲಿ ಹಬ್ಬಿದ ಪಾಚಿಯ ವಿಷ ಶುದ್ಧೀಕರಣ ಘಟಕವನ್ನೂ ದಾಟಿ ಬಂದಿತ್ತು. ಸುಮಾರು ನಾಲ್ಕು ಲಕ್ಷ ಜನ ಬಾಟಲಿ ನೀರಿಗೆ ಸಾಲು ನಿಂತರು. ಪಾಚಿಗೆ ಗೊಬ್ಬರವಾದದ್ದು ಮಾಮೀ ನದಿ ಹೊತ್ತು ತಂದ ರಂಜಕ, ಹೆಚ್ಚಿನಂಶ ಹೊಲಗಳಿಂದ ತೊಳೆದು ಬಂದದ್ದು. ದಡದ ಕರಾರು ದಡದ ಪಟ್ಟಿಗಷ್ಟೇ ಇತ್ತು, ಒಳನಾಡಿನ ಹೊಲಕ್ಕೆ ಇರಲಿಲ್ಲ. ಇನ್ನೊಂದು ಸೋಲು ಅಲಾಸ್ಕದ್ದು. ದಡದ ನಿರ್ಧಾರಗಳಲ್ಲಿ ಸ್ಥಳೀಯ ಜಿಲ್ಲೆಗಳಿಗೆ ಎಷ್ಟು ಮಾತು ಇರಬೇಕು ಎಂಬ ಜಗಳ ಶಾಸನಸಭೆಯಲ್ಲಿ ಬಗೆಹರಿಯದೆ 2011ರ ಜುಲೈಯಲ್ಲಿ ಅಲ್ಲಿನ ಕಾರ್ಯಕ್ರಮವೇ ರದ್ದಾಯಿತು. ಮರುವರ್ಷ ಜನಮತಕ್ಕೆ ಹಾಕಿದರು, ಅದೂ ಗೆಲ್ಲಲಿಲ್ಲ. ಒಂದು ಸೋಲು ವ್ಯಾಪ್ತಿಯದ್ದು, ಇನ್ನೊಂದು ತೀರಾ ಕೆಳಗಿನವರ ಮಾತಿಗೆ ಬೆಲೆ ಎಷ್ಟು ಎಂಬುದರದ್ದು. ನಮ್ಮ ಕರಾರಿನಲ್ಲಿ ಇವೆರಡಕ್ಕೂ ಉತ್ತರ ಇರಲೇಬೇಕು.

ಈಗ ನಮ್ಮ ಕಡೆಯ ಗೆರೆಗಳನ್ನು ನೋಡೋಣ. ಬೆಂಗಳೂರಿನ ಕೆರೆಗಳ ಸುತ್ತ ನಗರದ ಮಹಾಯೋಜನೆ 30 ಮೀಟರು ಬಿಡಬೇಕೆಂದಿತ್ತು. ಹಸಿರು ನ್ಯಾಯಮಂಡಳಿ 2016ರ ಮೇ ತಿಂಗಳಲ್ಲಿ ಅದನ್ನು 75 ಮೀಟರಿಗೆ ಏರಿಸಿತು. ಪರಿಸರದ ಬಗ್ಗೆ ಕಾಳಜಿ ಇದ್ದವರೆಲ್ಲ ಸಂಭ್ರಮಪಟ್ಟರು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ತೆಗೆದುಹಾಕಿತು. ಕಾರಣ ಪರಿಸರದ್ದಲ್ಲ, ಅಧಿಕಾರದ್ದು: ಕಾನೂನುಬದ್ಧವಾದ ಮಹಾಯೋಜನೆಯೊಂದು ಇರುವಾಗ ನ್ಯಾಯಮಂಡಳಿ ಅದನ್ನು ತಿದ್ದಿ ಬರೆಯಲು ಬರುವುದಿಲ್ಲ. ಇದನ್ನು ಸೋಲೆಂದು ದುಃಖಿಸುವವರಿದ್ದಾರೆ. ನನಗೆ ಅದರಲ್ಲಿ ಪಾಠ ಕಾಣುತ್ತದೆ. 75ರ ಹಿಂದೆ ಯಾರ ಯೋಜನೆಯೂ ಇರಲಿಲ್ಲ, 30ರ ಹಿಂದೆ ಇತ್ತು. ಉಳಿದದ್ದು ಯೋಜನೆ ಇದ್ದದ್ದು. ಇತ್ತ ಕೆರೆ ಸಂರಕ್ಷಣೆಗೆಂದೇ 2014ರಲ್ಲಿ ಕಾಯ್ದೆ ಮಾಡಿ ಕಟ್ಟಿದ ಪ್ರಾಧಿಕಾರವನ್ನು ರಾಜ್ಯ ಸರ್ಕಾರ 2018ರಲ್ಲಿ ಮುಚ್ಚಿ, ಕೆಲಸವನ್ನು ಇನ್ನೊಂದಕ್ಕೆ ವಹಿಸಿತು. ತಾನು ಕಟ್ಟಿದ್ದನ್ನು ತಾನೇ ಮುರಿಯುವುದಕ್ಕೆ ಯಾರ ಒಪ್ಪಿಗೆಯೂ ಬೇಕಿರಲಿಲ್ಲ.

ಘಟ್ಟದ ಕತೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿದೆ. ಮಾಧವ ಗಾಡ್ಗೀಳರ ಸಮಿತಿ 2011ರಲ್ಲಿ, ಕಸ್ತೂರಿರಂಗನ್ ಸಮಿತಿ 2013ರಲ್ಲಿ ವರದಿ ಕೊಟ್ಟವು. ಗಾಡ್ಗೀಳರು ಪರಿಸರ ಸೂಕ್ಷ್ಮ ವಲಯದ ವಿವರಗಳನ್ನು ಗ್ರಾಮಸಭೆಗಳ ಜೊತೆ ಕೂತು ತೀರ್ಮಾನಿಸಿ ಎಂದಿದ್ದರು. ಅವರ ವರದಿಯಲ್ಲಿ ಜನರಿಗೆ ತಲುಪದೇ ಹೋದದ್ದು ಆ ಭಾಗವೇ. ಆಮೇಲೆ ಉಪಗ್ರಹ ಚಿತ್ರದಿಂದ ಹಳ್ಳಿಗಳ ಪಟ್ಟಿ ಬಂತು. 2014ರಿಂದ 2024ರ ಜುಲೈ 31ರವರೆಗೆ ಕೇಂದ್ರ ಆರು ಕರಡು ಅಧಿಸೂಚನೆ ಹೊರಡಿಸಿತು, ಪ್ರತಿ ಸಲವೂ ಆಕ್ಷೇಪಣೆಗೆ 60 ದಿನ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನೇ ತಿರಸ್ಕರಿಸಿತು. ಹತ್ತು ವರ್ಷ, ಆರು ಕರಡು, ಅಂತಿಮ ಅಧಿಸೂಚನೆ ಒಂದೂ ಇಲ್ಲ. ಸುಳ್ಯ, ಕಡಬದ ಕೃಷಿಕರ ವಿರೋಧವನ್ನು ಅಜ್ಞಾನವೆಂದು ಕೆಲವರು ತಳ್ಳಿಹಾಕುತ್ತಾರೆ. ಅದು ಅನ್ಯಾಯ. ಮನೆಗೆ ಮಾಡು ಹೊದಿಸುವವನಿಗೆ ನೂರು ಕಾಗದ ಕೇಳುವ ಭಯ ಹುಟ್ಟಿಸಿದ ಸರ್ಕಾರ, ಅದೇ ಗುಡ್ಡದ ಮೇಲೆ ತನ್ನ ಯೋಜನೆಗೆ ಅಷ್ಟು ಕಾಗದ ಕೇಳಿಕೊಳ್ಳಲಿಲ್ಲ. ಜನ ಓದಿದ್ದು ಈ ತಾರತಮ್ಯವನ್ನು.

ನಮ್ಮ ದೇಶದಲ್ಲಿ ಇಂಥದು ನಡೆಯುವುದೇ ಇಲ್ಲ ಎನ್ನುವವರಿಗೆ ಒಡಿಶಾದ ಚಿಲಿಕಾ ಸರೋವರವನ್ನು ತೋರಿಸಬಹುದು. ಹೂಳು ತುಂಬಿ, ಸಮುದ್ರದ ಬಾಯಿ ಕಟ್ಟಿ, 1993ರಲ್ಲಿ ಅದು ಅಪಾಯದಲ್ಲಿರುವ ಜೌಗುಪ್ರದೇಶಗಳ ಅಂತಾರಾಷ್ಟ್ರೀಯ ಪಟ್ಟಿಗೆ ಸೇರಿತ್ತು. ಹಲವು ಇಲಾಖೆಗಳನ್ನು ಒಂದೇ ಕಡೆ ಕೂರಿಸುವ ಚಿಲಿಕಾ ಅಭಿವೃದ್ಧಿ ಪ್ರಾಧಿಕಾರ 1991ರಲ್ಲೇ ಆಗಿತ್ತು. 2000ದ ಸೆಪ್ಟೆಂಬರ್‌ನಲ್ಲಿ ಹೊಸ ಬಾಯಿ ತೆಗೆದರು, 2002ರಲ್ಲಿ ಆ ಪಟ್ಟಿಯಿಂದ ಹೊರಬಂತು. ಸಿಗಡಿ ಕೃಷಿಯ ಜಗಳ ಅಲ್ಲಿ ಇಂದಿಗೂ ಪೂರ್ತಿ ಮುಗಿದಿಲ್ಲ. ಆದರೂ ಇಲಾಖೆಗಳು ಒಟ್ಟಿಗೆ ಕೂತರೆ ನೀರಿಗೆ ಅದು ತಿಳಿಯುತ್ತದೆ.

ಅಷ್ಟು ದೂರ ಹೋಗುವುದೂ ಬೇಡ. ಪಾಲುದಾರಿಕೆಯ ಕಾನೂನು ನಮ್ಮ ಜಿಲ್ಲೆಯ ಕಂದಾಯ ಪದ್ಧತಿಯಲ್ಲೇ ಇದೆ. ಕುಮ್ಕಿ ಎಂದರೇನು? ಭೂಮಿ ಸರ್ಕಾರದ್ದು, ವರ್ಗದ ಜಾಗದಿಂದ 450 ಗಜದೊಳಗೆ ಸೊಪ್ಪು, ಹುಲ್ಲು, ಸೌದೆ ತೆಗೆಯುವ ಸೌಲಭ್ಯ ಕೃಷಿಕನದ್ದು. ಒಡೆತನ ಒಬ್ಬರದ್ದು, ಬಳಕೆ ಇನ್ನೊಬ್ಬರದ್ದು, ಬಳಸುವವನೇ ಕಾವಲುಗಾರ. 1964ರ ಕಾಯ್ದೆಯ 79ನೇ ಕಲಂ ಇದನ್ನು ಉಳಿಸಿಕೊಂಡಿದೆ. ಕುಮ್ಕಿ ಎಷ್ಟು ಕಡೆ ಅಡಿಕೆ ತೋಟವೋ ರಬ್ಬರೋ ಆಗಿಹೋಗಿದೆ ಎಂಬುದು ನಮಗೆಲ್ಲ ಗೊತ್ತಿರುವುದೇ, ಮುಚ್ಚಿಡುವುದಕ್ಕೇನಿಲ್ಲ. ಆದರೂ ದಡದ ಐವತ್ತು ಮೀಟರಿನೊಳಗೆ ಏನೂ ಮಾಡಕೂಡದು ಎಂದರೆ ಎರಡೆಕ್ರೆಯ ತೋಟದವನಿಗೆ ಉಳಿಯುವುದೇನು ಎಂಬ ಪ್ರಶ್ನೆಗೆ ಈ ಹಳೆಯ ಪದ್ಧತಿ ದಾರಿ ತೋರಿಸುತ್ತದೆ. ದಡದ ಪಟ್ಟಿಯನ್ನು ಕೃಷಿಕನಿಂದ ಕಿತ್ತುಕೊಳ್ಳುವುದು ಬೇಡ. ಹೊಳೆ ಪರಂಬೋಕಿನ ಅಂಚಿನಲ್ಲಿ ಬಿದಿರು, ಹೊಳೆಮತ್ತಿ, ಹೊನ್ನೆಯಂಥ ಮರಗಳನ್ನು ಉಳಿಸುವ ಹೊಣೆ ಮತ್ತು ಅವುಗಳ ಸೊಪ್ಪು, ಬಿದಿರಿನ ಬಳಕೆ ಅವನಿಗೇ ಇರಲಿ. ಜೆಸಿಬಿ ಇಳಿಸಿ ದಡ ಕೊರೆಯುವುದಕ್ಕೆ ಮಾತ್ರ ಯಾರಿಗೂ ಹಕ್ಕಿಲ್ಲ.

ಪಾಲುದಾರಿಕೆ ಎಲ್ಲಿ ಮುರಿಯುತ್ತದೆ ಎಂಬುದನ್ನು ನೋಡಬೇಕಾದರೆ ಒಂದು ಕಿಂಡಿ ಅಣೆಕಟ್ಟಿನ ಹತ್ತಿರ ಹೋಗಬೇಕು. ಹಿಂದೆ ನವೆಂಬರ್, ಡಿಸೆಂಬರಿನಲ್ಲಿ ಹೊಳೆ ಸಣ್ಣಗಾದ ಮೇಲೆ ಊರವರು ಸೇರಿ ಕಟ್ಟ ಹಾಕುತ್ತಿದ್ದರು: ಮರದ ಗೂಟ, ಕಲ್ಲು, ಸೊಪ್ಪು, ಮಣ್ಣು. ಈಗ ಹಾಕುವಲ್ಲಿ ಮರಳು ತುಂಬಿದ ಗೋಣಿ, ಪ್ಲಾಸ್ಟಿಕ್ ಹಾಳೆ. ಯಾರ ತೋಟಕ್ಕೆ ನೀರು ನಿಲ್ಲುತ್ತದೋ ಅವರ ಆಳು, ಅವರ ಖರ್ಚು. ಮಳೆಗಾಲದ ಮೊದಲ ನೀರು ಅದನ್ನು ತಾನೇ ಒಯ್ದುಬಿಡುತ್ತಿತ್ತು. ಪಶ್ಚಿಮವಾಹಿನಿಯಂಥ ಸರ್ಕಾರಿ ಯೋಜನೆಗಳಲ್ಲಿ ಅದರ ಜಾಗಕ್ಕೆ ಕಾಂಕ್ರೀಟಿನ ಕಂಬಗಳು ಬಂದವು, ಕಂಬಗಳ ನಡುವೆ ಹಲಗೆ ಇಳಿಸುವ ಕಿಂಡಿಗಳು. ಬಾವಿಗಳಲ್ಲಿ ನೀರು ಏರಿತು, ಒಳ್ಳೆಯದೇ ಆಯಿತು. ಆದರೆ ಹಲಗೆ ತಾನಾಗಿ ಏಳುವುದಿಲ್ಲ. ಮೇ ಕೊನೆಯೊಳಗೆ ಅದನ್ನು ತೆಗೆಯದಿದ್ದರೆ ಮೊದಲ ನೆರೆಗೆ ಕಾಡಿನಿಂದ ತೇಲಿ ಬಂದ ಮರದ ದಿಮ್ಮಿಗಳು, ಬೇರು, ಬಿದಿರಿನ ಹಿಂಡಲು ಕಿಂಡಿಗೆ ಅಡ್ಡ ಸಿಕ್ಕಿಕೊಳ್ಳುತ್ತವೆ. ಎದುರಿಗೆ ದಾರಿ ಸಿಗದ ನೀರು ಬದಿಗೆ ತಿರುಗಿ, ಅಣೆಕಟ್ಟಿನ ರೆಕ್ಕೆಗೋಡೆಯ ಹಿಂದಿನ ಮಣ್ಣನ್ನು ಕೊರೆದು, ಫಲ ಬರುವ ಅಡಿಕೆ ಮರಗಳನ್ನು ಬುಡಸಮೇತ ಒಯ್ಯುತ್ತದೆ. ಹಲಗೆ ತೆಗೆಯಬೇಕಾದವರು ಯಾರು? ಕಟ್ಟಿದ ಇಲಾಖೆಯೆ, ಗುತ್ತಿಗೆದಾರನೆ, ಪಂಚಾಯಿತಿಯೆ, ನೀರು ಬಳಸಿದವರೆ? ಉತ್ತರ ಕಾಗದದ ಮೇಲೆ ಇಲ್ಲದ ಕಡೆ ಪ್ರತಿ ಜೂನ್‌ನಲ್ಲಿ ಇದೇ ಪ್ರಶ್ನೆ ಏಳುತ್ತದೆ. ದಡ ಹೋದ ಮೇಲೆ ಇನ್ನೊಂದು ಇಲಾಖೆ ಬಂದು ತಡೆಗೋಡೆ ಕಟ್ಟುತ್ತದೆ. ಒಂದು ಬದಿಗೆ ಗೋಡೆ ಕಟ್ಟಿದರೆ ನೀರಿನ ಹೊಡೆತ ಎದುರು ಬದಿಗೆ ತಿರುಗುತ್ತದೆ. ಎದುರು ಬದಿ ಬೇರೆ ಪಂಚಾಯಿತಿಯದ್ದಾಗಿದ್ದರೆ ಅವರು ತಮ್ಮ ಗೋಡೆಗೆ ಅರ್ಜಿ ಹಾಕುತ್ತಾರೆ. ಪುಳಿಕುಕ್ಕಿನಂಥ ಕಡೆ ಹೊಳೆಯ ಎರಡು ದಡದಲ್ಲಿ ಎರಡು ಗ್ರಾಮಗಳು. ಎರಡೂ ಬದಿಯವರು ಸಹಿ ಮಾಡಿದ ಒಂದು ನಕ್ಷೆ ಇಲ್ಲದೆ ಅಲ್ಲಿ ಯಾವ ಗೋಡೆಯೂ ಏಳಬಾರದು.

ಇನ್ನು ಸುಬ್ರಹ್ಮಣ್ಯ. ಮುಜರಾಯಿ ದೇವಸ್ಥಾನಗಳಲ್ಲಿ ರಾಜ್ಯದಲ್ಲೇ ಹೆಚ್ಚು ಆದಾಯ ಇಲ್ಲಿನ ಕುಕ್ಕೆ ದೇವಸ್ಥಾನಕ್ಕೆ, ವರ್ಷಕ್ಕೆ ನೂರು ಕೋಟಿ ರೂಪಾಯಿ ದಾಟಿದೆ. ಬರುವ ಭಕ್ತರು ಮೊದಲು ಇಳಿಯುವುದು ಕುಮಾರಧಾರೆಯ ಸ್ನಾನಘಟ್ಟಕ್ಕೆ. ಪೇಟೆಯ ನಡುವೆ ಹರಿಯುವ ದರ್ಪಣತೀರ್ಥವೂ ಅದೇ ಹೊಳೆಯನ್ನು ಸೇರುತ್ತದೆ. 2025ರ ಮಾರ್ಚ್‌ನಲ್ಲಿ ಅರಣ್ಯ ಮತ್ತು ಪರಿಸರ ಸಚಿವ ಈಶ್ವರ ಖಂಡ್ರೆ ಅವರು ತೀರ್ಥಕ್ಷೇತ್ರಗಳ ನದಿ, ಕೆರೆ, ಕಲ್ಯಾಣಿಗಳ 500 ಮೀಟರಿನೊಳಗೆ ಸೋಪು, ಶಾಂಪೂ ಮಾರಾಟ ನಿಷೇಧಿಸಲು, ನೀರಿನಲ್ಲಿ ಬಟ್ಟೆ ಬಿಡುವುದನ್ನು ತಡೆಯಲು ಸೂಚನೆ ಕೊಟ್ಟರು. ಸೂಚನೆ ಸರಿಯಾದದ್ದೇ. ಆದರೆ ಅಂಗಡಿಗೆ ಪರವಾನಗಿ ಕೊಡುವುದು ಪಂಚಾಯಿತಿ, ಘಟ್ಟ ನೋಡಿಕೊಳ್ಳುವುದು ದೇವಸ್ಥಾನ, ತಪಾಸಣೆ ಮಾಲಿನ್ಯ ಮಂಡಳಿಯದ್ದು. ಬೆಂಗಳೂರಿನಿಂದ ಬಂದ ಕಾಗದ ಈ ಮೂವರ ಮೇಜಿನ ನಡುವೆ ಎಲ್ಲಿ ಕೂತಿರುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಬರುವವರು ಬೆಂಗಳೂರಿನಿಂದಲೇ ಸೋಪು ತಂದಿರುತ್ತಾರೆ ಎಂಬುದು ಬೇರೆ ಮಾತು. ಹೊಳೆಯ ಕಾವಲಿಗೆ ದೇವಸ್ಥಾನವೂ ತನ್ನ ಆದಾಯದಿಂದ ಪಾಲು ಹಾಕಲಿ ಎಂದರೆ, ದೇವಸ್ಥಾನದ ಹಣವನ್ನು ದೇವಸ್ಥಾನದ ಉದ್ದೇಶಕ್ಕೇ ಬಳಸಬೇಕು ಎಂಬ ಆಕ್ಷೇಪ ಕೇಳಿಬರುತ್ತದೆ. ಖಂಡಿತ ಹೌದು. ಆದರೆ ಅವಭೃತ ನಡೆಯುವ ಹೊಳೆ ದೇವಸ್ಥಾನದ ಉದ್ದೇಶವಲ್ಲ ಎಂದು ವಾದಿಸಲು ಯಾರೂ ಮುಂದೆ ಬರಲಾರರು. ಶ್ರದ್ಧೆಯೇ ಕಾವಲಾಗಿರುವ ಉದಾಹರಣೆಗಳು ಸುತ್ತಮುತ್ತ ಇವೆ: ಶಿಶಿಲದ ಕಪಿಲಾ ಹೊಳೆಯಲ್ಲಿ, ತೊಡಿಕಾನದ ಮಲ್ಲಿಕಾರ್ಜುನನ ಬಳಿ ದೇವರ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ. ಆದರೆ ಶ್ರದ್ಧೆಯ ಗಡಿ ದೇವಸ್ಥಾನದ ಮೆಟ್ಟಿಲ ಹತ್ತಿರವೇ ಮುಗಿಯುತ್ತದೆ. ಕೆಳಗಿನ ಮಡುವಿನಲ್ಲಿ ತೋಟೆ ಹಾಕುವವನಿಗೆ ಅದು ಅಡ್ಡ ಬರುವುದಿಲ್ಲ. ಶಿಶಿಲದಲ್ಲೇ 1996ರಲ್ಲಿ ಹೊಳೆಗೆ ವಿಷ ಹಾಕಿ ಸಾವಿರಾರು ಮೀನು ಕೊಂದದ್ದನ್ನು ಜಿಲ್ಲೆ ಮರೆತಿಲ್ಲ.

ಅತಿ ದೊಡ್ಡ ಆಕ್ಷೇಪಕ್ಕೆ ಬರುತ್ತೇನೆ. ಒಂದು ಪಂಚಾಯಿತಿ ಬರೆದ ಯೋಜನೆಗೆ ರಾಜ್ಯ ಸರ್ಕಾರ ತಲೆಬಾಗಬೇಕೆಂದರೆ ನಾಡಿನ ದೊಡ್ಡ ಅಗತ್ಯಗಳ ಗತಿಯೇನು? ಈ ಪ್ರಶ್ನೆ ಇಲ್ಲಿ ಕೇವಲ ತರ್ಕದ್ದಲ್ಲ. ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳ ಇವೆಲ್ಲ ಸಕಲೇಶಪುರದ ಕಡೆಯಿಂದ ಬಂದು ಗುಂಡ್ಯ ಹೊಳೆಯನ್ನು ತುಂಬುವ ನೀರು. ಅದರಿಂದ 24.01 ಟಿಎಂಸಿ ಎತ್ತಿ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಒಯ್ಯುವ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಯಿತು, ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಉದ್ಘಾಟನೆಗೊಂಡಿತು. ಆ ಹಳ್ಳಗಳಲ್ಲಿ ಸಿಗುವ ನೀರೇ ಒಟ್ಟು 9.55 ಟಿಎಂಸಿ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಲೆಕ್ಕ ಹಾಕಿತ್ತು. ಯಾರ ಲೆಕ್ಕ ಸರಿ ಎಂಬುದು ಇನ್ನು ಹರಿವಿನ ಅಳತೆಯಿಂದ ತೀರ್ಮಾನವಾಗಬೇಕಾದ ವಿಷಯ. ನನ್ನ ಆಕ್ಷೇಪ ಇನ್ನೊಂದು. ಕುಡಿಯುವ ನೀರಿನ ಯೋಜನೆ ಎಂಬ ಹೆಸರಿನಿಂದ ಅದು 2006ರ ಪರಿಸರ ಪರಿಣಾಮ ಅಧಿಸೂಚನೆಯ ಅನುಮತಿಯಿಂದಲೇ ಹೊರಗುಳಿಯಿತು. ಹಾಗಾಗಿ ಕೆಳಗಿನ ಊರುಗಳ ಮಾತು ಕೇಳುವ ಸಾರ್ವಜನಿಕ ವಿಚಾರಣೆಯೂ ಆ ಕಾನೂನಿನಡಿ ಕಡ್ಡಾಯವಾಗಲಿಲ್ಲ. ಕೋಲಾರದ ಬಾಯಾರಿಕೆ ಸುಳ್ಳಲ್ಲ. ಫ್ಲೋರೈಡ್ ನೀರು ಕುಡಿದು ಬದುಕಿದವರಿಗೆ ನಮ್ಮ ಹೊಳೆಯ ಸೌಂದರ್ಯದ ಬಗ್ಗೆ ಉಪದೇಶ ಮಾಡುವ ಹಕ್ಕು ನಮಗಿಲ್ಲ. ಆದರೆ ಹೊಂದಿಕೆಯ ಷರತ್ತು ಎಂದರೆ ತಡೆಯಾಜ್ಞೆಯಲ್ಲ. ಅಮೆರಿಕದಲ್ಲೂ ರಾಜ್ಯದ ಆಕ್ಷೇಪವನ್ನು ಕೇಂದ್ರ ಸಚಿವರು ರಾಷ್ಟ್ರದ ಹಿತದ ಕಾರಣ ಕೊಟ್ಟು ಮೀರಬಹುದು. ಆ ಕಾರಣವನ್ನು ಬರೆದು, ದಾಖಲಿಸಿ, ಪ್ರಶ್ನೆಗೆ ಒಡ್ಡಬೇಕು, ಅಷ್ಟೇ. ಜನವರಿಯಿಂದ ಮೇವರೆಗೆ ಗುಂಡ್ಯದಲ್ಲಿ ಇಷ್ಟು ನೀರು ಹರಿಯಲೇಬೇಕು, ಅದರ ಅಳತೆ ಪ್ರತಿದಿನ ಪಂಚಾಯಿತಿಯ ಹಲಗೆಯ ಮೇಲೆ ಬರೆದಿರಬೇಕು ಎಂಬಂಥ ಷರತ್ತು ಕೋಲಾರಕ್ಕೆ ದ್ರೋಹವಾಗುವುದಿಲ್ಲ. ಮಂಗಳೂರಿನ ಕುಡಿಯುವ ನೀರೂ ಕುಡಿಯುವ ನೀರೇ.

ಎರಡನೆಯ ಆಕ್ಷೇಪ ಹೆಚ್ಚು ಚುಚ್ಚುವಂಥದ್ದು: ಪಂಚಾಯಿತಿಯ ಕೈಗೆ ಕೊಟ್ಟರೆ ಮರಳಿನವರ ಕೈಗೆ ಕೊಟ್ಟಂತೆ. ಇದನ್ನು ಸುಳ್ಳೆಂದು ಹಾರಿಸುವ ಧೈರ್ಯ ನನಗಿಲ್ಲ. ಮರಳಿನ ಹಣ ಚುನಾವಣೆಯವರೆಗೂ ತಲುಪುತ್ತದೆ. ಆದರೆ ಈಗ ದೊಡ್ಡ ಹೊಳೆಗಳ ಮರಳಿನ ಪರವಾನಗಿ ಪಂಚಾಯಿತಿ ಕೊಡುತ್ತಿಲ್ಲ, ಮೇಲಿನ ಮಟ್ಟದಲ್ಲಿ ಕೊಡುತ್ತಾರೆ; ಅಕ್ರಮ ನಿಂತಿದೆಯೆ? ಕರಾರಿನಲ್ಲಿ ಪಂಚಾಯಿತಿ ಒಬ್ಬಂಟಿಯಾಗಿ ನಿರ್ಧರಿಸುವುದಿಲ್ಲ. ಎದುರು ದಡದವರ ಸಹಿ ಬೇಕು, ಮೇಲಿನವರ ಪರೀಕ್ಷೆ ಇದೆ, ಯೋಜನೆ ಮುರಿದರೆ ಅನುದಾನ ನಿಲ್ಲುತ್ತದೆ. ಒಂದು ಕಚೇರಿಯನ್ನು ಒಲಿಸಿಕೊಳ್ಳುವುದಕ್ಕಿಂತ ಪರಸ್ಪರ ಕಣ್ಣಿಟ್ಟಿರುವ ನಾಲ್ಕನ್ನು ಒಲಿಸಿಕೊಳ್ಳುವುದು ಕಷ್ಟ. ಟೊಲಿಡೊದ ಪಾಠವೂ ಇಲ್ಲೇ ಬರಬೇಕು. ನಮ್ಮ ತೋಟಗಳಿಗೆ ಕೊಳೆರೋಗಕ್ಕೆಂದು ಮಳೆಗಾಲದಲ್ಲೇ ಮದ್ದು ಬಿಡುತ್ತೇವೆ; ಮೈಲುತುತ್ತಿನ ತಾಮ್ರದಲ್ಲಿ ಒಂದು ಪಾಲು ತೊಳೆದು ಹೋಗುವುದು ತೋಡಿಗೆ. ಮದ್ದು ಬಿಡದೆ ಅಡಿಕೆ ಉಳಿಯುವುದಿಲ್ಲ, ನಿಜ. ಆದರೆ ಡ್ರಮ್ಮು ತೊಳೆದ ನೀರನ್ನು ಎಲ್ಲಿ ಚೆಲ್ಲಬೇಕು, ತೋಡಿನ ಬದಿಯ ಸಾಲಿಗೆ ಯಾವಾಗ ಬಿಡಬೇಕು ಎಂಬುದನ್ನು ದಡದ ಯೋಜನೆ ಹೇಳಲೇಬೇಕು. ಸರ್ಕಾರವನ್ನು ಕಟ್ಟುವ ಗೆರೆ ನಮ್ಮನ್ನು ಕಟ್ಟುವುದಿಲ್ಲ ಎಂದರೆ ನಾವೂ ಅವರ ಸಾಲಿನವರೇ.

ಇನ್ನೊಂದು ಸಮಿತಿ ಬೇಕೆ ಎಂದು ಕೇಳಬಹುದು. ಬೇಡ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಗೂ ನಿರ್ವಹಣಾ ಸಮಿತಿ ಇರಬೇಕು. ಎಷ್ಟೋ ಕಡೆ ಅದು ಕಡತದಲ್ಲಷ್ಟೇ ಇದೆ. ಸಂವಿಧಾನದ ಹನ್ನೊಂದನೆಯ ಅನುಸೂಚಿ ಸಣ್ಣ ನೀರಾವರಿ, ನೀರಿನ ನಿರ್ವಹಣೆ, ಮೀನುಗಾರಿಕೆಗಳನ್ನು ಪಂಚಾಯಿತಿಯ ವಿಷಯವೆಂದೇ ಹೇಳಿದೆ. ಜಿಲ್ಲಾ ಯೋಜನಾ ಸಮಿತಿಗೆ ಪಂಚಾಯಿತಿಗಳ ಯೋಜನೆಗಳನ್ನು ಕೂಡಿಸುವ ಅಧಿಕಾರವಿದೆ. ಇರುವ ಈ ಮೂರನ್ನು ಒಂದು ಹೊಳೆಗೆ ಜೋಡಿಸಿದರೆ ಸಾಕು. ಕೊರತೆ ಇರುವುದು ಒಂದೇ ಕಡೆ: ಹಾಗೆ ಒಪ್ಪಿತವಾದ ಯೋಜನೆಯ ವಿರುದ್ಧ ರಾಜ್ಯದ ಯಾವ ಇಲಾಖೆಯೂ, ಯಾವ ನಿಗಮವೂ ಲಿಖಿತ ಕಾರಣ ಕೊಡದೆ ದಡಕ್ಕೆ ಕೈ ಹಾಕಬಾರದು ಎಂಬ ಒಂದು ಕಲಂ. ಅದಕ್ಕೆ ವಿಧಾನಸಭೆ ಬೇಕು. ಉಳಿದದ್ದಕ್ಕೆ ಬೇಡ.

ಸುಬ್ರಹ್ಮಣ್ಯದಿಂದ ಉಪ್ಪಿನಂಗಡಿಯವರೆಗೆ ಇಡೀ ಹೊಳೆಯನ್ನು ಒಮ್ಮೆಗೇ ಹಿಡಿಯುವುದು ಬೇಡ. 2022ರ ಆಗಸ್ಟ್ 1ರ ಮಳೆಗೆ ಸುಬ್ರಹ್ಮಣ್ಯ, ಹರಿಹರ ಪಲ್ಲತಡ್ಕ, ಕೊಲ್ಲಮೊಗ್ರು, ಕಲ್ಮಕಾರು ಕಡೆ ಆದ ಹಾನಿ ಎಲ್ಲೆಲ್ಲಿ ದಡ ದುರ್ಬಲ ಎಂಬುದನ್ನು ತೋರಿಸಿಕೊಟ್ಟಿದೆ, ಆರಂಭ ಅಲ್ಲಿಂದಾಗಬಹುದು. ಪ್ರತಿ ವರ್ಷ ಅಕ್ಟೋಬರ್ 2ರಿಂದ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯ ಗ್ರಾಮಸಭೆಗಳು ಶುರುವಾಗುತ್ತವೆ. ಬರುವ ಅಕ್ಟೋಬರಿನಲ್ಲಿ ದಡವಿರುವ ಪ್ರತಿ ಪಂಚಾಯಿತಿ ರಸ್ತೆ, ಚರಂಡಿಗಳ ಪಟ್ಟಿಯ ಜೊತೆ ಒಂದು ಹೆಚ್ಚಿನ ಹಾಳೆ ಸೇರಿಸಲಿ: ನಮ್ಮ ಮೇರೆಯಲ್ಲಿ ಕಿಂಡಿ ಅಣೆಕಟ್ಟು ಎಷ್ಟಿವೆ, ಹಲಗೆ ಇಡುವ, ತೆಗೆಯುವ ತಾರೀಕು ಯಾವುದು, ಹೆಸರು ಹಿಡಿದು ಹೊಣೆ ಯಾರದ್ದು, ಎಲ್ಲಿ ದಡ ಕುಸಿದಿದೆ, ಎಲ್ಲಿ ಚರಂಡಿ ಹೊಳೆಗೆ ಬೀಳುತ್ತದೆ, ಯಾವ ಮಡುವಿನಲ್ಲಿ ಮೀನು ಹಿಡಿಯಕೂಡದು. ಎದುರು ದಡದ ಪಂಚಾಯಿತಿಯ ಅಧ್ಯಕ್ಷರು ಅದರ ಕೆಳಗೆ ಸಹಿ ಹಾಕಲಿ. ಆ ಹಾಳೆಯ ಒಂದೊಂದು ಪ್ರತಿ ಸಣ್ಣ ನೀರಾವರಿಗೆ, ಮುಜರಾಯಿಗೆ, ಗಣಿ ಇಲಾಖೆಗೆ, ರೈಲ್ವೆಗೆ ಹೋಗಲಿ. ಒಪ್ಪುತ್ತೀರೋ ಇಲ್ಲವೋ ಬರೆದು ತಿಳಿಸಿ ಎಂದು ಕೇಳಲಿ. ಒಪ್ಪದಿದ್ದರೆ ಅವರ ಕಾರಣವೂ ಅದೇ ಗ್ರಾಮಸಭೆಯಲ್ಲಿ ಓದಲ್ಪಡಲಿ.